ಮಿನಿ ಲೇಥ್‌ನಲ್ಲಿ ಮರದ ಪೆನ್: ಎರಡೂವರೆ ವರ್ಷ ಆದ್ಮೇಲಿನ ರಿವ್ಯೂ

ತಗೊಂಡ ವಾರಕ್ಕೇ ಐದು ಸ್ಟಾರ್ ಹಾಕಿ ಹೋದೋರ ರಿವ್ಯೂ ನಂಬ್ಕೊಂಡೇ ನಾನೂ ಈ ಲೇಥ್ (ಮರ ತಿರುಗಿಸಿ ಉಳಿಯಿಂದ ಹೆರೆಯೋ ಮಷಿನ್) ತಗೊಂಡಿದ್ದು. ಈಗ ಎರಡೂವರೆ ವರ್ಷ ಆಗಿದೆ, 140 ಚಿಲ್ಲರೆ ಪೆನ್ ಆಗಿವೆ, ಅದ್ರಲ್ಲಿ ಮೊದಲ 30 ಯಾರಿಗೂ ತೋರಿಸೋ ಹಾಗಿಲ್ಲ. ಕಂಪನಿ ಹೆಸರು ಹೇಳಲ್ಲ, ಹೇಳಿ ಉಪಯೋಗಾನೂ ಇಲ್ಲ, ಇಂಥಾ ಮಷಿನ್‌ಗಳೆಲ್ಲ ನೋಡೋಕೆ ಒಂದೇ ಥರ, ಬಣ್ಣ ಸ್ಟಿಕ್ಕರ್ ಅಷ್ಟೇ ಬೇರೆ.

ಮೇಜಿನ ಮೇಲೆ ಕೂರೋ ಸೈಜು, ಬೆಡ್ (ಅಡಿಯ ಉದ್ದನೆ ಹಳಿ) 18 ಇಂಚು, ಕಾಸ್ಟ್ ಐರನ್, ಮಹಡಿಗೆ ಹತ್ತಿಸೋಕೆ ಇಬ್ರು ಬೇಕಾಯ್ತು. ಐದು ಸ್ಪೀಡ್, ಬೆಲ್ಟ್ ಕೈಯಲ್ಲೇ ಬದಲಾಯಿಸ್ಬೇಕು. ಪೆನ್ನಿಗೆ ಇದು ಧಾರಾಳ ಸಾಕು, ಭಾರ ಇದ್ದಷ್ಟೂ ಅದುರೋದು ಕಮ್ಮಿ. ತಗೊಳ್ಳೋವಾಗ ಒಂದೇ ಒಂದು ವಿಷಯ ನೋಡಿ, ಹೆಡ್‌ಸ್ಟಾಕ್ (ಮೋಟಾರ್ ಕಡೆ ತಿರುಗೋ ತಲೆ), ಟೇಲ್‌ಸ್ಟಾಕ್ (ಎದುರು ತುದೀಲಿ ಒತ್ತಿ ಹಿಡಿಯೋ ಭಾಗ) ಎರಡ್ರಲ್ಲೂ ಎಂಟಿ2 ಟೇಪರ್ (ಉಪಕರಣ ಕೂರೋ, ಒಳಗೆ ಕಿರಿದಾಗ್ತಾ ಹೋಗೋ ತೂತಿನ ಒಂದು ಅಳತೆ) ಇರ್ಬೇಕು, ಯಾಕಂದ್ರೆ ಮ್ಯಾಂಡ್ರೆಲ್ (ಪೆನ್ನಿನ ತುಂಡು ಪೋಣಿಸೋ ಸಲಾಕೆ), ಡ್ರಿಲ್ ಚಕ್ (ಡ್ರಿಲ್ ಬಿಟ್ ಹಿಡಿಯೋ ಭಾಗ) ಎಲ್ಲಾ ಆ ಸೈಜಲ್ಲಿ ಸುಲಭವಾಗಿ ಸಿಗತ್ತೆ. ಆಮೇಲೆ ಎರಡೂ ಕಡೆ ಮೊನೆ ಹಾಕಿ ಹತ್ತಿರ ತಂದು ನೋಡಿ, ಮೊನೆಗೆ ಮೊನೆ ಮುಟ್ಟಿದ್ರೆ ಸರಿ, ಇಲ್ಲಾಂದ್ರೆ ವಾಪಸ್ ಕಳಿಸಿ. ನನ್ನದು ಮುಟ್ತು, ಆದ್ರೆ ಟೂಲ್ ರೆಸ್ಟ್ (ಉಳಿ ಊರೋ ಕಂಬಿ) ಮೇಲೆ ಏನೇನೋ ಗಂಟು, ಅರ ಹಾಕಿ ಉಜ್ಜಿ ನಯ ಮಾಡ್ಕೊಂಡೆ.

ದುಡ್ಡಿನ ಮಾತು ಮೊದಲೇ ಹೇಳ್ಬಿಡ್ತೀನಿ. ಲೇಥ್‌ಗೆ 25 ಸಾವಿರದ ಆಸುಪಾಸು ಕೊಟ್ಟೆ, ಅಲ್ಲಿಗೆ ಮುಗೀತು ಅನ್ಕೊಂಡಿದ್ದೆ. ಆಮೇಲೆ ಶುರುವಾಯ್ತು ನೋಡಿ, ಪೆನ್ ಮ್ಯಾಂಡ್ರೆಲ್, ಬುಶಿಂಗ್ (ಪೆನ್ನಿನ ದಪ್ಪದ ಅಳತೆ ತೋರಿಸೋ ಲೋಹದ ಬಳೆ), 7 ಎಂಎಂ ಡ್ರಿಲ್ ಬಿಟ್, ಚಕ್, ಬ್ಯಾರಲ್ ಟ್ರಿಮ್ಮರ್ (ತುಂಡಿನ ತುದಿ ಸಮ ಮಾಡೋ ಬಿಟ್), ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಉಳಿಗಳು, ಬೆಂಚ್ ಗ್ರೈಂಡರ್, ಫೇಸ್ ಶೀಲ್ಡ್, ಪೆನ್ನಿನ ಲೋಹದ ಭಾಗಗಳ ಕಿಟ್‌ಗಳು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಅಂತಾರಲ್ಲ, ಅದೇ ಕಥೆ. ಮನೇಲಿ ಪೂರ್ತಿ ಲೆಕ್ಕ ಇನ್ನೂ ಹೇಳಿಲ್ಲ.

ಕೆಲಸ ಏನಪ್ಪಾ ಅಂದ್ರೆ, ಮುಕ್ಕಾಲು ಇಂಚು ಚೌಕದ ಮರದ ತುಂಡು ತಗೊಂಡು ಎರಡು ಭಾಗ ಮಾಡಿ, ಉದ್ದಕ್ಕೆ ನಡುವೆ ತೂತು ಕೊರೆದು, ಅದ್ರೊಳಗೆ ಹಿತ್ತಾಳೆ ಟ್ಯೂಬ್ ಅಂಟಿಸಿ, ತುದಿ ಟ್ರಿಮ್ ಮಾಡಿ, ಮ್ಯಾಂಡ್ರೆಲ್‌ಗೆ ಪೋಣಿಸಿ ಬುಶಿಂಗ್ ಮಟ್ಟಕ್ಕೆ ಬರೋವರೆಗೆ ಹೆರೆಯೋದು, ಪಾಲಿಶ್, ಆಮೇಲೆ ಕಿಟ್‌ನ ಭಾಗಗಳನ್ನ ವೈಸ್‌ನಲ್ಲಿ ಒತ್ತಿ ಕೂರಿಸೋದು. ಶುರುವಿಗೆ ಸ್ಲಿಮ್‌ಲೈನ್ ಅನ್ನೋ ತೆಳು ಪೆನ್ನಿನ ಕಿಟ್ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ, ಅಗ್ಗ ನಿಜ, ಆದ್ರೆ ಅದಕ್ಕೆ ಕ್ರಾಸ್ ಮಾದರಿಯ ಸಣ್ಣ ರಿಫಿಲ್ ಬೇಕು, ನಮ್ಮ ಬೀದಿ ಅಂಗಡೀಲಿ ಕೇಳಿದ್ರೆ ಮುಖ ನೋಡ್ತಾರೆ. ಯಾರಿಗಾದ್ರೂ ಗಿಫ್ಟ್ ಕೊಟ್ರೆ ರಿಫಿಲ್ ಮುಗಿದ ದಿನ ಆ ಪೆನ್ನು ಡ್ರಾಯರ್ ಸೇರತ್ತೆ. ನಾನು ಹತ್ತು ಸ್ಲಿಮ್‌ಲೈನ್ ಆದ್ಮೇಲೆ ಪಾರ್ಕರ್ ಮಾದರಿ ರಿಫಿಲ್ ಹಿಡಿಸೋ ದಪ್ಪ ಕಿಟ್‌ಗೆ ಬಂದೆ, ಆ ರಿಫಿಲ್ ಎಲ್ಲಿ ಬೇಕಾದ್ರೂ ಸಿಗತ್ತೆ.

ಕೊರೆಯೋವಾಗ ಅವಸರ ಬೇಡ. ಅರ್ಧ ಇಂಚು ಒಳಗೆ ಹೋದ್ಮೇಲೆ ಬಿಟ್ ಪೂರ್ತಿ ಹೊರಗೆ ತೆಗೆದು ಹೊಟ್ಟು ಉದುರಿಸಿ ಮತ್ತೆ ಬಿಡ್ಬೇಕು, ಇಲ್ಲಾಂದ್ರೆ ಬಿಸಿಗೆ ಮರ ಸೀಳತ್ತೆ. ಆಚೆ ಕಡೆ ಬಿಟ್ ಹೊರಗೆ ಬರೋವಾಗ ಮರ ಹಾರಿಹೋಗತ್ತೆ, ಅದಕ್ಕೆ ತುಂಡನ್ನ ಸ್ವಲ್ಪ ಉದ್ದ ಇಟ್ಕೊಂಡು, ತೂತು ಆಚೆ ಬರೋಕೆ ಮುಂಚೆ ನಿಲ್ಲಿಸಿ, ಆ ತುದೀನ ಗರಗಸದಲ್ಲಿ ಕೊಯ್ದುಬಿಟ್ರೆ ಸರಿ. ಟ್ಯೂಬ್‌ನ ಒರಟು ಸ್ಯಾಂಡ್ ಪೇಪರ್‌ನಲ್ಲಿ ಗೀಚಿ ಅಂಟಿಸಿ, ಒಳಗೆ ಅಂಟು ಹೋಗದ ಹಾಗೆ ತುದೀನ ಚಪಾತಿ ಹಿಟ್ಟಿಗೆ ಒತ್ತಿ ಮುಚ್ಚಿದ್ರೆ ಆಯ್ತು, ದುಬಾರಿ ಪ್ಲಗ್ ಬೇಡ.

ಈಗ ನನ್ನ ತಲೆ ತಿಂದ ವಿಷಯಕ್ಕೆ ಬರ್ತೀನಿ. ನಾಲ್ಕು ತಿಂಗಳು ನನ್ನ ಪೆನ್ನುಗಳೆಲ್ಲ ಮೊಟ್ಟೆ. ಅಂದ್ರೆ ಕಿಟ್‌ನ ಲೋಹದ ಭಾಗ ಸೇರೋ ಜಾಗದಲ್ಲಿ ಒಂದು ಕಡೆ ಮರ ಉಬ್ಬಿರತ್ತೆ, ತಿರುಗಿಸಿ ನೋಡಿದ್ರೆ ಇನ್ನೊಂದು ಕಡೆ ಲೋಹದ ಅಂಚು ಉಗುರಿಗೆ ಸಿಗತ್ತೆ. ಮೊದ್ಲು ಬುಶಿಂಗ್ ಬೈದೆ, ಹೊಸಾ ಸೆಟ್ ತರಿಸಿದೆ. ಆಮೇಲೆ ಬೇರಿಂಗ್ ಹೋಗಿದೆ ಅಂತ ಸೆಲ್ಲರ್‌ಗೆ ಮೆಸೇಜ್ ಮಾಡ್ದೆ, ಆ ಪುಣ್ಯಾತ್ಮ ಉತ್ತರಾನೇ ಕೊಡ್ಲಿಲ್ಲ, ಅದು ಬೇರೆ ಸಿಟ್ಟು. ಕೊನೆಗೆ ಒಂದಿನ ಟೇಲ್‌ಸ್ಟಾಕ್ ಚಕ್ರ ಸುಮ್ನೆ ಸಡಿಲ ಮಾಡ್ತಾ ಇದ್ದಾಗ ಮ್ಯಾಂಡ್ರೆಲ್ ನಡುವೆ ಕೂದಲೆಳೆಯಷ್ಟು ಬಾಗಿದ್ದು ನೆಟ್ಟಗಾಗಿದ್ದು ಕಣ್ಣಿಗೇ ಕಾಣಿಸ್ತು. ತಪ್ಪು ನಂದೇ! ಬಿಗಿಯಾಗಿರ್ಲಿ ಅಂತ ಶಕ್ತಿ ಬಿಟ್ಟು ತಿರುಗಿಸ್ತಿದ್ದೆ, ಪೆನ್ಸಿಲ್‌ಗಿಂತ ತೆಳು ಸಲಾಕೆ ಅದು, ಎರಡೂ ಕಡೆಯಿಂದ ಒತ್ತಿದ್ರೆ ಬಿಲ್ಲಿನ ಥರ ಬಾಗ್ದೆ ಇನ್ನೇನು ಮಾಡತ್ತೆ. ಮೊನೆ ಮುಟ್ಟಿ ತಿರುಗೋ ಅಷ್ಟು ಒತ್ತಿದ್ರೆ ಸಾಕು. ಹಳೇ ಮ್ಯಾಂಡ್ರೆಲ್ ಖಾಯಂ ಬಾಗಿತ್ತು, ಎಸೆದೆ.

ಉಳಿ ವಿಷಯ. ಲೇಥ್ ಜೊತೆ ಫ್ರೀ ಬಂದಿದ್ದ ಉಳಿಗಳು ತರಕಾರಿಗೂ ಬೇಡ. ಎಚ್‌ಎಸ್‌ಎಸ್ ತಗೊಂಡ್ರೂ ಸಾಣೆ ಹಿಡಿಯೋಕೆ ಬರದೆ ಒಂದು ವರ್ಷ ಉಳಿ ಮಾಡ್ಬೇಕಾದ ಕೆಲಸಾನ ಸ್ಯಾಂಡ್ ಪೇಪರ್ ಕೈಲಿ ಮಾಡ್ಸಿದೀನಿ. ಒಮ್ಮೆ ಚನ್ನಪಟ್ಟಣಕ್ಕೆ ಹೋಗಿದ್ದಾಗ ಗೊಂಬೆ ಮಾಡೋ ಒಬ್ರು ಹಿರಿಯರ ಪಕ್ಕ ಅರ್ಧ ದಿನ ಕೂತಿದ್ದೆ, ಹಾಲೆ ಮರದ ತುಂಡು ತಿರುಗ್ತಾ ಇದೆ, ಅವರ ಉಳಿಯಿಂದ ಈರುಳ್ಳಿ ಸಿಪ್ಪೆಯಷ್ಟು ತೆಳು ಸುರುಳಿ ಬರ್ತಾನೇ ಇದೆ, ಮಧ್ಯೆ ಮಧ್ಯೆ ಮಾತು ನಿಲ್ಲಿಸ್ದೇ ಕಲ್ಲಿಗೆ ಎರಡು ಸಲ ಉಜ್ಕೋತಾರೆ. ನನ್ನ ಮೊಬೈಲಲ್ಲಿ ನನ್ನ ಕೆಲಸದ ವಿಡಿಯೋ ತೋರಿಸಿದೆ. "ಹೊಟ್ಟು ಬರ್ತಾ ಐತಲ್ಲಪ್ಪಾ, ಉಳಿ ಮೊಂಡು" ಅಂದ್ರು, ಅಷ್ಟೇ. ಸೌಂಡೂ ಆನ್ ಇರ್ಲಿಲ್ಲ ಅದ್ರಲ್ಲಿ. ಈಗ ನಾನೂ ಪೆನ್ನಿಗೆ ಎರಡು ಸಲ ಸಾಣೆ ಹಿಡೀತೀನಿ, ಸ್ಯಾಂಡಿಂಗ್ 240 ನಂಬರಿನ ನಯ ಪೇಪರ್‌ನಿಂದಲೇ ಶುರು.

ಅಲ್ಲಿಂದ ಬಂದ್ಮೇಲೆ ಅರಗು ಕೂಡ ಟ್ರೈ ಮಾಡ್ದೆ, ಬಣ್ಣದ ಅರಗಿನ ಕಡ್ಡೀನ ತಿರುಗೋ ಮರಕ್ಕೆ ಒತ್ತಿದ್ರೆ ಉಜ್ಜಿದ ಬಿಸಿಗೇ ಕರಗಿ ಹಿಡಿಯತ್ತೆ, ತಾಳೆಗರಿ ಒತ್ತಿದ್ರೆ ಹೊಳಪು. ಚೆನ್ನಾಗಿ ಕಾಣತ್ತೆ, ಆದ್ರೆ ಶರ್ಟ್ ಜೇಬಲ್ಲಿ ಬೆವರು ತಾಗಿ ಎರಡು ತಿಂಗಳಿಗೆ ನನ್ನದು ಮಂಕಾಯ್ತು, ನನ್ನ ಕೈಗುಣಾನೂ ಇರ್ಬೋದು. ದಿನಾ ಬಳಸೋ ಪೆನ್ನಿಗೆ ತೆಳು ಸೂಪರ್ ಗ್ಲೂ ಹತ್ತು ಕೋಟ್ ಹಾಕಿ ಮೈಕ್ರೋ ಮೆಶ್ (ಬಲು ನಯವಾದ ಪಾಲಿಶ್ ಹಾಳೆ) 1500ರಿಂದ 12000ರ ತನಕ ಉಜ್ಜೋದೇ ಗಟ್ಟಿ. ಟಿಶ್ಯೂ ಪೇಪರಲ್ಲಿ ಹಚ್ಚಿ, ಬಟ್ಟೆ ಬೇಡವೇ ಬೇಡ, ಸುತ್ಕೊಂಡ್ರೆ ಬೆರಳನ್ನೂ ಎಳ್ಕೊಳ್ಳತ್ತೆ. ತುಂಬು ತೋಳಿನ ಶರ್ಟೂ ಬೇಡ. ಧೂಳಿಗೆ ಮಾಸ್ಕ್ ಹಾಕಿ, ಬೀಟೆ ಧೂಳಿಗೆ ನಂಗೆ ಮೈಯೆಲ್ಲಾ ಕಡಿತ ಬಂದಿತ್ತು. ಆ ಬೀಟೆ ಅಜ್ಜನ ಕಾಲದ ಮುರಿದ ಮಂಚದ ಕಾಲು. ಅಂಗಡೀಲಿ ಬೀಟೆ, ಗಂಧದ ತುಂಡು ಬಿಲ್ ಇಲ್ದೆ ಕೊಟ್ರೆ ತಗೋಬೇಡಿ, ಫಾರೆಸ್ಟ್‌ನೋರ ಕೈಗೆ ಸಿಕ್ರೆ ಪೆನ್ನು ಬಲು ದುಬಾರಿ ಆಗತ್ತೆ.

ನಂಗೆ ಇಷ್ಟ ಕಾಫಿ ಗಿಡದ ಮರ. ಚಿಕ್ಕಮಗಳೂರಿನ ನೆಂಟರು ಹಳೇ ಗಿಡ ಕಿತ್ತಾಗ ಬುಡದ ತುಂಡು ಕೊಡ್ತಾರೆ, ನಯ, ಗಟ್ಟಿ, ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ. ಆದ್ರೆ ಹಸಿ ಮರ ಮುಟ್ಬೇಡಿ, ಮಳೆಗಾಲದಲ್ಲಿ ಮಾಡಿದ ಆರು ಪೆನ್ನು ಮಾರ್ಚ್ ಬಿಸಿಲಿಗೆ ಉದ್ದಕ್ಕೂ ಬಿರುಕು ಬಿಟ್ವು. ಈಗ ತುದಿಗೆ ಮೇಣ ಹಚ್ಚಿ, ತಾರೀಖು ಬರೆದು, ಒಂದು ವರ್ಷ ಅಟ್ಟದ ಮೇಲೆ ಇಡ್ತೀನಿ.

ಅಪಾರ್ಟ್‌ಮೆಂಟಲ್ಲಿ ಇರೋರು ಯೋಚ್ನೆ ಮಾಡಿ, ಸದ್ದು ಮಿಕ್ಸಿಗಿಂತ ಕಮ್ಮಿ, ಆದ್ರೆ ಧೂಳು ಪಕ್ಕದ ಮನೆ ಒಗೆದ ಬಟ್ಟೆ ಮೇಲೆ ಕೂರತ್ತೆ, ನಾನು ಬೈಸ್ಕೊಂಡಿದೀನಿ. ಮಷಿನ್‌ಗೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಸ್ಪೇರ್‌ಗೆ, ಬೆಲ್ಟ್ ಈಗ ಅಲ್ಲಲ್ಲಿ ಸೀಳಿದೆ, ಮೇಲಿನ ನಂಬರ್ ಅಳಿಸಿಹೋಗಿದೆ, ಮಾರಿದೋರು ಫೋನ್ ಎತ್ತಲ್ಲ. ಹಳೇ ಬೆಲ್ಟ್ ಬ್ಯಾಗಲ್ಲಿ ಹಾಕ್ಕೊಂಡು ನಾಳೆ ಬೆಂಗಳೂರಿನ ಎಸ್‌ಪಿ ರೋಡ್ ಅಂಗಡಿಗಳಿಗೆ ಹೋಗ್ತಿದೀನಿ.