ಕಿಟ್ಟಿವೇಕ್ ಗೂಡು ಕಾಯೋಕೆ ಯಾವುದು ವಾಸಿ: ಕ್ಯಾಮೆರಾ ಟ್ರ್ಯಾಪಾ, ಸಿಸಿಟಿವಿನಾ, ಬರೀ ಸ್ಕೋಪಾ?

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಟೈನ್ ನದಿ ದಂಡೆಯ ಮನೆಗಳವರಿಗೆ ಮಾರ್ಚ್ ಬಂದರೆ ಬೆಳಗಿನ ನಿದ್ದೆ ಇಲ್ಲ. ಚಳಿಗಾಲವನ್ನೆಲ್ಲ ಅಟ್ಲಾಂಟಿಕ್ ಸಾಗರದ ಮೇಲೆ ಕಳೆದ ಕಿಟ್ಟಿವೇಕ್ ಅನ್ನೋ ಗಲ್ ಜಾತಿಯ ಕಡಲಹಕ್ಕಿಗಳು ಬಂದು 1928ರ ಟೈನ್ ಸೇತುವೆಯಲ್ಲಿ, ಹಳೇ ಕಟ್ಟಡಗಳ ಅಂಚುಗಳಲ್ಲಿ ಕೆಸರು, ಹುಲ್ಲು ಮೆತ್ತಿ ಗೂಡು ಕಟ್ಟುತ್ತವೆ. ಸಾವಿರ ಜೋಡಿ ಅಂತಲೇ ಲೆಕ್ಕ. ಕಡಲಿನಿಂದ ಇಷ್ಟು ಒಳಗೆ ಬಂದು ಇವು ಮರಿ ಮಾಡುವ ಜಾಗ ಪ್ರಪಂಚದಲ್ಲಿ ಇನ್ನೊಂದಿಲ್ಲ. ಕೂಗೋದೂ ಹೆಸರಿನ ಹಾಗೇ, "ಕಿಟ್ಟಿ-ವೇಏಕ್". ಫೋನಿನಲ್ಲಿ ಆ ಗಲಾಟೆ ಕೇಳಿ ಅಮ್ಮ, "ಅದ್ಯಾರೋ ಹೊತ್ತಾರೆಯಿಂದ ಕಿಟ್ಟೀನ ಕರೀತಿರೋದು?" ಅಂದಿದ್ದರು.

ನನ್ನ ಬಾಲ್ಕನಿಯ ಎದುರಿಗೆ, ಸುಮಾರು 20 ಮೀಟರ್ ದೂರದಲ್ಲಿ, ಒಂದು ಹಳೇ ಗೋದಾಮಿನ ಗೋಡೆ ಇದೆ. ಹೋದ ಸಲ ಅದರ ಮೇಲೆ 23 ಗೂಡು. ಎಷ್ಟು ಮರಿ ಹಾರಿ ಹೋಗುತ್ತವೆ ನೋಡೋಣ ಅಂತ ಮೂರು ದಾರಿ ಒಟ್ಟಿಗೇ ಹಿಡಿದೆ. ಬಾಲ್ಕನಿ ಗೂಡುಗಳಿಗಿಂತ ಒಂದು ಗೇಣು ಎತ್ತರದಲ್ಲಿ ಇರೋದು ನನ್ನ ಅದೃಷ್ಟ. ಕೆಳಗಿನಿಂದ ನೋಡಿದರೆ ಮರಿ ಗೂಡಿನ ಅಂಚಿನ ಹಿಂದೆ ಮರೆಯಾಗುತ್ತದೆ, ಎಂಥ ಕ್ಯಾಮೆರಾ ಇದ್ದರೂ ಅಷ್ಟೇ.

ಮೊದಲು ಕ್ಯಾಮೆರಾ ಟ್ರ್ಯಾಪ್. ನಮ್ಮ ಕಾಡುಗಳಲ್ಲಿ ಹುಲಿ ಎಣಿಸೋಕೆ ಮರಕ್ಕೆ ಕಟ್ಟುತ್ತಾರಲ್ಲ, ಅದೇ ಡಬ್ಬಿ. 120 ಪೌಂಡ್ ಆಯಿತು. ಅದರ ಚಲನೆ ಗುರುತಿಸುವ ಸೆನ್ಸರ್ ಇಲ್ಲಿ ದಂಡ. 20 ಮೀಟರ್ ಅಂದರೆ ಅದಕ್ಕೆ ದೂರ. ಹತ್ತಿರ ಇದ್ದಿದ್ದರೂ, ಸುಮ್ನೆ ಕೂರದ ಹಕ್ಕಿಗಳ ಮುಂದೆ ಅರ್ಧ ದಿನಕ್ಕೆ ಕಾರ್ಡ್ ತುಂಬಿಸಿ ಕೂತಿರುತ್ತಿತ್ತು. ಹಾಗಾಗಿ ಬೆಳಿಗ್ಗೆ 4ರಿಂದ ರಾತ್ರಿ 10ರವರೆಗೆ 15 ನಿಮಿಷಕ್ಕೊಂದು ಫೋಟೋ ತೆಗೆಯೋಕೆ ಇಟ್ಟೆ. ದಿನಕ್ಕೆ 73 ಫೋಟೋ. ರಾತ್ರಿ ಊಟ ಆದ ಮೇಲೆ ಐದು ನಿಮಿಷದಲ್ಲಿ ನೋಡಿ ಮುಗಿಸಬಹುದು. ಎರಡು ತಿಂಗಳಿಗೆ 32 ಜಿಬಿಯ ಒಂದೇ ಕಾರ್ಡ್ ಸಾಕಾಯಿತು.

ಇದರ ಕಣ್ಣು ಮಾತ್ರ ಮಂದ. ಡಬ್ಬಿಯ ಮೇಲೆ 30 ಮೆಗಾಪಿಕ್ಸೆಲ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ, ನಂಬಬೇಡಿ. ಒಳಗಿರೋದು ಪುಟ್ಟ ಸೆನ್ಸರ್, ಉಳಿದದ್ದು ಎಳೆದು ಹಿಗ್ಗಿಸಿದ್ದು. ನಾನು 4000 ಪಿಕ್ಸೆಲ್ ಅಗಲದ ಫೋಟೋಗೆ ಇಟ್ಟಿದ್ದೆ. 20 ಮೀಟರಿನಲ್ಲಿ ಒಂದು ಫೋಟೋ ಗೋಡೆಯ 18 ಮೀಟರ್‌ಗೂ ಜಾಸ್ತಿ ಅಗಲ ಹಿಡಿಯುತ್ತದೆ. 40 ಸೆಂಟಿಮೀಟರ್ ಉದ್ದದ ದೊಡ್ಡ ಹಕ್ಕಿಗೆ ಸಿಗೋದು 80 ಚಿಲ್ಲರೆ ಪಿಕ್ಸೆಲ್. ಅಂಗೈಯಷ್ಟು ಮರಿಗೆ ಬರೀ 20. ಮೊದಲ ಎರಡು ವಾರ ಅದು ಮರಿಯೋ ಕಲ್ಲೋ ಗೊತ್ತಾಗಲಿಲ್ಲ. ಕುತ್ತಿಗೆಗೆ ಕಪ್ಪು ಪಟ್ಟಿ, ರೆಕ್ಕೆ ಮೇಲೆ ಕಪ್ಪು ಗೀಟು ಮೂಡಿದ ಮೇಲೆ ಸಲೀಸು. ಕಿಟ್ಟಿವೇಕ್ ಮರಿಗಳ ಒಂದು ಉಪಕಾರ ಅಂದರೆ, ಬೇರೆ ಗಲ್ ಮರಿಗಳ ಹಾಗೆ ಅಲ್ಲಿ ಇಲ್ಲಿ ಓಡಾಡೋದಿಲ್ಲ. ರೆಕ್ಕೆ ಬಲಿಯುವ ತನಕ, ಅಂದರೆ ಸುಮಾರು ಆರು ವಾರ, ಗೂಡಲ್ಲೇ ಗೋಡೆಗೆ ಮುಖ ಮಾಡಿ ಕೂತಿರುತ್ತವೆ.

ಜೂನ್ ನಡುವೆ ಬ್ಯಾಟರಿ ಬದಲಿಸಿದಾಗ ಇದರ ಗಡಿಯಾರ ಜನವರಿ 1ಕ್ಕೆ ಹೋಗಿ ಕೂತಿತ್ತು. ಒಂಬತ್ತು ದಿನ ಆದ ಮೇಲೆ ಗಮನಿಸಿದೆ. ಬ್ಯಾಟರಿ ಹಾಕಿದ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದಿದ್ದೆ, ಕೂಡಿ ಕಳೆದು ತಾರೀಖು ಸರಿಮಾಡಿಕೊಂಡೆ. ಇಲ್ಲದಿದ್ದರೆ ಆ ಫೋಟೋಗಳು ಯಾವ ಲೆಕ್ಕಕ್ಕೂ ಇರುತ್ತಿರಲಿಲ್ಲ.

ಎರಡನೇದು ಸಿಸಿಟಿವಿ. 25 ಪಟ್ಟು ಹತ್ತಿರಕ್ಕೆ ಎಳೆಯುವ, ಆ ಕಡೆ ಈ ಕಡೆ ತಿರುಗುವ ಕ್ಯಾಮೆರಾ. ರೆಕಾರ್ಡರ್ ಸೇರಿ 400 ಪೌಂಡ್ ದಾಟಿತು. ಹೆಂಡತಿಗೆ ಹೇಳಿದ್ದು ಬೇರೆ ಲೆಕ್ಕ. ಮೊದಲ ದಿನ ಪರದೆ ಮೇಲೆ ಹಕ್ಕಿಯ ಕೊಕ್ಕಿನ ಒಳಗಿನ ಕಿತ್ತಳೆ ಬಣ್ಣ ಕಂಡಾಗ, ಕೊಟ್ಟ ದುಡ್ಡು ದಕ್ಕಿತು ಅಂದುಕೊಂಡೆ.

ಆಮೇಲೆ ಒಂದೊಂದೇ ತಲೆನೋವು ಶುರುವಾಯಿತು. ಹತ್ತಿರಕ್ಕೆ ಎಳೆದರೆ ಆರೇ ಗೂಡು ಕಾಣುತ್ತವೆ, 23ನ್ನೂ ತೋರಿಸಿದರೆ ಕ್ಯಾಮೆರಾ ಟ್ರ್ಯಾಪಿನ ಕಥೆಯೇ. ಸುತ್ತು ಹಾಕೋಕೆ ಬಿಟ್ಟರೆ ನೋಡಬೇಕಾದ ಹೊತ್ತಿಗೆ ಬೇರೆ ಗೂಡಿನ ಮುಂದೆ ಇರುತ್ತದೆ. ಕೊನೆಗೆ ಆರು ಗೂಡಿಗೇ ಕಟ್ಟಿಹಾಕಿದೆ. ಚೌಕಟ್ಟಿನ ಮೂಲೆಯಲ್ಲಿ ಕೆಳಗಿನ ಕಾಲುದಾರಿ ಬರುತ್ತಿತ್ತು. ಇಲ್ಲಿ ಮನೆಯ ಕ್ಯಾಮೆರಾ ಬೀದಿಯ ಜನರನ್ನು ಹಿಡಿದರೆ ಡೇಟಾ ಕಾನೂನು ಬಂದು ಕೂರುತ್ತದೆ, ಆ ಮೂಲೆಗೆ ಕಪ್ಪು ಪಟ್ಟಿ ಹಾಕಿದೆ. ರಾತ್ರಿ ಅದರ ಇನ್‌ಫ್ರಾರೆಡ್ ದೀಪಕ್ಕೆ ಹುಳು ಬಂದವು, ಹುಳುವಿಗೆ ಜೇಡ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಆರು ಗೂಡಿನ ಮೇಲೂ ಬಲೆ! ದೀಪ ಆರಿಸಿದೆ.

ದಿನಕ್ಕೆ 18 ಗಂಟೆ ವಿಡಿಯೋ ಅಂದರೆ 32 ಜಿಬಿ. 1 ಟಿಬಿ ಡಿಸ್ಕ್ ತಿಂಗಳಿಗೆ ತುಂಬಿ, ಹಳೆಯದರ ಮೇಲೇ ಬರೆದುಕೊಳ್ಳುತ್ತದೆ. ನಾನು ರಜೆ ಮುಗಿಸಿ ಜುಲೈನಲ್ಲಿ ಬಂದಾಗ ಮೊಟ್ಟೆ ಒಡೆದ ವಾರ ಪೂರ್ತಿ ಅಳಿಸಿ ಹೋಗಿತ್ತು. ಇದ್ದದ್ದನ್ನು ನೋಡೋದೂ ಸುಲಭ ಅಲ್ಲ. ಎಂಟು ಪಟ್ಟು ವೇಗದಲ್ಲಿ ಓಡಿಸಿದರೂ ಒಂದು ದಿನಕ್ಕೆ ಎರಡು ಗಂಟೆ ಹದಿನೈದು ನಿಮಿಷ ಬೇಕು. ಅಷ್ಟೊತ್ತು ಕೂರೋಕೆ ಯಾರಿಗೆ ಆಗುತ್ತೆ, ಅಲ್ವಾ?

ಆದರೂ ಒಂದು ದಿನ ಅದು ನನ್ನ ಬಾಯಿ ಮುಚ್ಚಿಸಿತು. ಒಂಬತ್ತನೇ ಗೂಡಿನಲ್ಲಿ ಎರಡು ಮರಿ ಇದ್ದವು. ಕ್ಯಾಮೆರಾ ಟ್ರ್ಯಾಪಿನ 10:15ರ ಫೋಟೋದಲ್ಲಿ ಎರಡು, 10:30ರದರಲ್ಲಿ ಒಂದು. ನೋಟ್‌ಬುಕ್ಕಿನಲ್ಲಿ "ದೊಡ್ಡ ಗಲ್ ಎತ್ತಿಕೊಂಡು ಹೋಗಿದೆ" ಅಂತ ಬರೆದೂ ಆಗಿತ್ತು. ಸುಮ್ನೆ ಆ ಹದಿನೈದು ನಿಮಿಷದ ವಿಡಿಯೋ ತೆಗೆದೆ. ಯಾವ ಗಲ್ಲೂ ಬರಲಿಲ್ಲ. ದೊಡ್ಡ ಮರಿ ಚಿಕ್ಕದರ ತಲೆಗೆ ಕುಕ್ಕುತ್ತದೆ. ಚಿಕ್ಕದು ತಲೆ ತಗ್ಗಿಸಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಮತ್ತೆ ಕುಕ್ಕು, ಮತ್ತೊಂದು ಹೆಜ್ಜೆ. ಪಕ್ಕದಲ್ಲೇ ನಿಂತ ತಾಯಿಯೋ ತಂದೆಯೋ ನದಿ ಕಡೆ ನೋಡುತ್ತಿದೆ. ಆರನೇ ನಿಮಿಷಕ್ಕೆ ಗೂಡಿನ ಅಂಚು ಮುಗಿಯಿತು. ಅಣ್ಣನೇ ತಮ್ಮನನ್ನು ತಳ್ಳೋದು ಈ ಹಕ್ಕಿಗಳಲ್ಲಿ ಇದ್ದದ್ದೇ ಅಂತ ಓದಿದ್ದೆ. ಓದಿದ್ದು ಬೇರೆ, ನೋಡಿದ್ದು ಬೇರೆ. ನೋಟ್‌ಬುಕ್ಕಿನ ಆ ಸಾಲು ಹೊಡೆದು ಹಾಕಿದೆ.

ಮೂರನೇದು ಸ್ಕೋಪ್, ಅಂದರೆ ದೂರದ ಹಕ್ಕಿ ನೋಡೋ ದುರ್ಬೀನು, ಮತ್ತು ಪೆನ್ಸಿಲ್. ಭಾನುವಾರ ಒಂದು ಗಂಟೆ, ಗೋಡೆಯ ಫೋಟೋ ಪ್ರಿಂಟ್ ಮೇಲೆ ಗೂಡಿಗೊಂದು ನಂಬರ್. ಇಲ್ಲಿಯವರು ದಶಕಗಳಿಂದ ಹೀಗೇ ಎಣಿಸಿದ್ದಾರೆ. ದೊಡ್ಡ ಹಕ್ಕಿ ಏಳುವ ತನಕ ಕಾದು ಕೂತರೆ ಹೊಟ್ಟೆ ಕೆಳಗಿನ ಮರಿಯೂ ಸಿಗುತ್ತದೆ.

ಆಗಸ್ಟ್‌ನಲ್ಲಿ ಲೆಕ್ಕ ಹಾಕಿದೆ. ಸ್ಕೋಪಿನಲ್ಲಿ 17 ಮರಿ, ಕ್ಯಾಮೆರಾ ಟ್ರ್ಯಾಪಿನಲ್ಲಿ 16. ತಪ್ಪಿದ ಒಂದು ಮಳೆನೀರಿನ ಪೈಪಿನ ಹಿಂದೆ ಇತ್ತು. ಎಣಿಕೆಯೊಂದೇ ಬೇಕಿದ್ದರೆ 400 ಪೌಂಡ್ ಸುರಿಯಬೇಡಿ, ಡಬ್ಬಿ ಮತ್ತು ಭಾನುವಾರದ ಸ್ಕೋಪ್ ಧಾರಾಳ ಸಾಕು. ಮರಿ ಯಾಕೆ ಹೋಯಿತು ಅಂತ ತಿಳಿಯಬೇಕಾದರೆ ವಿಡಿಯೋ ಬಿಟ್ಟು ಗತಿಯಿಲ್ಲ.

ತರೀಕೆರೆಯ ಗೆಳೆಯನೊಬ್ಬ ಭದ್ರಾ ಹಿನ್ನೀರಿನ ರಿವರ್ ಟರ್ನ್ ಹಕ್ಕಿಗಳಿಗೆ ಇದೇ ಆಗುತ್ತಾ ಅಂತ ಕೇಳಿದ. ಅಲ್ಲಿ ಅವು ನಡುಗಡ್ಡೆಯ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ, ಎದುರಿಗೆ ಬಾಲ್ಕನಿ ಇಲ್ಲ, ಹತ್ತಿರ ಹೋದರೆ ಹಕ್ಕಿ ಏಳುತ್ತದೆ. ಅರಣ್ಯ ಇಲಾಖೆ ಒಪ್ಪಿದರೆ, ಹಕ್ಕಿ ಬರುವ ಮೊದಲೇ ಕಂಬ ನೆಟ್ಟು ಡಬ್ಬಿ ಕಟ್ಟಿ ಬಾ, ಸಿಸಿಟಿವಿ ಮರೆತುಬಿಡು ಅಂದೆ.

ಈ ಸಲ ಫೆಬ್ರವರಿಯಲ್ಲೇ ಎರಡನ್ನೂ ಕಟ್ಟಿದ್ದೇನೆ. ಡಬ್ಬಿ ಮೂರು ಅಡಿ ಎಡಕ್ಕೆ ಹೋಗಿದೆ, ಪೈಪಿನ ಹಿಂದಿನ ಗೂಡು ಈಗ ಕಾಣುತ್ತದೆ. ಸಿಸಿಟಿವಿ ಆರು ಗೂಡಿನ ಮುಂದೆ. ಪ್ರತಿ ಭಾನುವಾರ, ಕ್ಯಾಮೆರಾ ಟ್ರ್ಯಾಪಿನಲ್ಲಿ ಮರಿ ಕಡಿಮೆ ಕಂಡ ಹೊತ್ತಿನ ವಿಡಿಯೋ ಮಾತ್ರ ತೆಗೆದಿಟ್ಟು ಉಳಿದದ್ದನ್ನು ಅಳಿಸುತ್ತೇನೆ. ತಾರೀಖು ಎರಡು ಸಲ ನೋಡಿದ್ದೇನೆ.