ತೊಗರಿ ಒಣಗಿದಾಗ ನಿಜ ಹೇಳಿದ ಅಂಗಡಿ

ನಮ್ಮ ತೊಗರಿ ಹೂವಿನ ಹೊತ್ತಿಗೆ ಒಣಗತೊಡಗಿತು. ಒಂದು ಗಿಡ ಕಿತ್ತುಕೊಂಡು ಕಲಬುರಗಿ ಗಂಜ್‌ನ (ಮಾರುಕಟ್ಟೆಯ) ಬೀಜ, ಔಷಧಿ ಅಂಗಡಿಗೆ ಹೋದೆ. ಮಾಲೀಕರು ಕಾಂಡ ಸೀಳಿ ಒಳಗಿನ ಕಂದು ಗೆರೆ ತೋರಿಸಿ, "ಇದು ನೆಟೆ ರೋಗರೀ, ಒಣಗಿದ್ದಕ್ಕೆ ಔಷಧಿ ಇಲ್ಲ" ಅಂದರು. ಸುಮ್ನೆ ಡಬ್ಬಿ ಮಾರಬಹುದಿತ್ತು ಅಲ್ವಾ? ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಹೊಕ್ಕು ಫ್ಯುಸಾರಿಕ್ ಆಮ್ಲದಂಥ ವಿಷ ಬಿಡುತ್ತದೆ, ಆಗ ಜೀವಕೋಶದಲ್ಲಿ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಹಾನಿಕಾರಕ ವಸ್ತುಗಳು ಜಾಸ್ತಿಯಾಗಿ, ಪೊರೆಯ ಕೊಬ್ಬು ಕೆಟ್ಟು, ಒಳಗಿನ ನೀರು, ಉಪ್ಪಿನಂಶ ಸೋರಿಹೋಗುತ್ತದೆ ಎಂದು ಚಹಾ ಕುಡಿಸುತ್ತಾ ಬಿಡಿಸಿ ಹೇಳಿದರು. ಮುಂದಿನ ಬಿತ್ತನೆಗೆ ನೆಟೆ ರೋಗ ತಡೆದುಕೊಳ್ಳುವ ಟಿಎಸ್-3ಆರ್ ತಳಿ, ಬೀಜೋಪಚಾರಕ್ಕೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಜೈವಿಕ ಔಷಧಿ) ಅಂತ ಬರೆದುಕೊಟ್ಟರು. ಅಂಗಡಿಯಲ್ಲಿ ಸಂಜೆ ಗದ್ದಲ ಜಾಸ್ತಿ, ಬೆಳಿಗ್ಗೆ ಹೋಗಿ. ಟ್ರೈಕೋಡರ್ಮಾ ಪ್ಯಾಕೆಟ್ ಮೇಲಿನ ತಾರೀಖು ನೋಡಿಯೇ ತಗೊಳ್ಳಿ, ಅದು ಜೀವಂತ ಶಿಲೀಂಧ್ರ.