'ಕಾಪ್ಸ್': ಓಟ ಜಾಸ್ತಿ, ಕೆಲಸ ಕಮ್ಮಿ

ಮಡಿಕೇರಿ ಮಳೆಯಲ್ಲಿ ಹೊರಗೆ ಹೋಗೋ ಹಾಗಿಲ್ಲ, ಫೋನಿನಲ್ಲಿ 'ಕಾಪ್ಸ್' ಹಳೆಯ ಕಂತುಗಳನ್ನು ಹಾಕಿಕೊಂಡೆ. 1989ರಲ್ಲಿ ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ ಶುರುವಾದ ಕಾರ್ಯಕ್ರಮ. ನಿರೂಪಕರಿಲ್ಲ. ಕ್ಯಾಮೆರಾ ನಿಜವಾದ ಪೊಲೀಸರ ಕಾರಿನಲ್ಲೇ ಕೂತಿರುತ್ತದೆ.

ಅಂಗಿಯಿಲ್ಲದ ಒಬ್ಬ ಬೇಲಿ ಹಾರುತ್ತಾನೆ. ಕ್ಯಾಮೆರಾದವನೂ ಏದುಸಿರು ಬಿಡುತ್ತಾ ಹಿಂದೆ ಓಡುತ್ತಾನೆ. ಚಿತ್ರ ಅಲುಗಾಡುತ್ತದೆ, ನಮ್ಮ ಎದೆಯೂ ಹೊಡ್ಕೊಳ್ಳುತ್ತದೆ. ಬೋನೆಟ್ ಮೇಲೆ ಬಗ್ಗಿಸಿ ಕೈಕೋಳ ಹಾಕಿದ ಮೇಲೆ ಪೊಲೀಸ್ ನಮಗೆ ವಿವರಿಸುತ್ತಾನೆ. ಸಿಕ್ಕವನ ಮಾತು ಕೇಳೋರು ಯಾರು? ಕೇಸು ಮುಂದೆ ಏನಾಯ್ತು ಅಂತಲೂ ಹೇಳಲ್ಲ. ಕೋರ್ಟ್ ತೀರ್ಪಿನ ತನಕ ಎಲ್ಲರೂ ನಿರಪರಾಧಿಗಳು ಅಂತ ಒಂದು ಸಾಲು ಬರುತ್ತೆ, ಅಷ್ಟೇ.

ನಮ್ಮ ಮಾವ ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್. ಪಕ್ಕದಲ್ಲಿ ಕೂತು ನೋಡಿ ನಕ್ಕರು. "ಮಹಜರು ಬರೆಯೋದು ಎಲ್ಲಮ್ಮಾ? ದಸರಾ ಬಂದೋಬಸ್ತಿಗೆ ಬೆಳಗಿನ ತನಕ ನಿಂತ್ಕೊಳ್ಳೋದು ಎಲ್ಲಿ?"

ಅಮೆರಿಕದ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪುವರ್ಣೀಯ ಸತ್ತ ನಂತರ, 2020ರಲ್ಲಿ, ಆಗ ಇದನ್ನು ಪ್ರಸಾರ ಮಾಡುತ್ತಿದ್ದ ಪ್ಯಾರಾಮೌಂಟ್ ನೆಟ್‌ವರ್ಕ್ ಚಾನೆಲ್ ಇದನ್ನು ನಿಲ್ಲಿಸಿತು. ಮರುವರ್ಷವೇ ಫಾಕ್ಸ್ ನೇಷನ್ ಎಂಬ ಸ್ಟ್ರೀಮಿಂಗ್ ಸೇವೆಯಲ್ಲಿ ವಾಪಸ್ ಬಂತು. ನೋಡೋರು ಇದ್ದೇ ಇದ್ದಾರೆ, ನನ್ನನ್ನೂ ಸೇರಿಸಿ.

ಐದಕ್ಕೆ ಎರಡು ಸ್ಟಾರ್. ಅದೂ ಆ ಕ್ಯಾಮೆರಾದವನಿಗೆ.